ಕೋಶದ ಕೀಲಿಕೈ ಕಂಡ ಗರ್ಟಿ ಕೋರಿ

ಜೀವಕೋಶಗಳಲ್ಲಿ ಪ್ರೊಟೀನ್‌ಗಳಿಗೆ ಫಾಸ್ಫೇಟ್ ಅಂಟಿಸುವ, ಅಂಟಿದ್ದನ್ನು ಕಳಚುವ ಕಾರ್ಯ ಎಡೆಬಿಡದೆ ಸಾಗುತ್ತಿರುತ್ತದೆ. ಅಂಟಿಸುವುದು ಕೈನೇಸ್ ಕಿಣ್ವ. ಕಳಚುವುದು ಪ್ರೊಟೀನ್ ಫಾಸ್ಫಟೇಸ್. ಈ ಎರಡನೆಯದರ ಕಾರ್ಯವನ್ನು ಪ್ರಯೋಗಶಾಲೆಯಲ್ಲಿ ಮೊದಲು ಕಂಡವರಲ್ಲಿ ಗರ್ಟಿ ಕೋರಿ ಪ್ರಮುಖರು. ಆದರೆ ಕಂಡದ್ದೇನೆಂಬುದು ಆಗ ಅವರಿಗೂ ತಿಳಿದಿರಲಿಲ್ಲ.

1896ರ ಆಗಸ್ಟ್ 15ರಂದು ಪ್ರಾಗ್ ನಗರದ ಯಹೂದಿ ಕುಟುಂಬದಲ್ಲಿ ಜನಿಸಿದ ಗರ್ಟಿ, ಅಲ್ಲಿನ ಜರ್ಮನ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಿಕ್ಷಣ ಪಡೆದರು. 1920ರಲ್ಲಿ ಸಹಪಾಠಿ ಕಾರ್ಲ್ ಕೋರಿ ಅವರನ್ನು ವರಿಸಿ, 1922ರಲ್ಲಿ ಅಮೆರಿಕದ ಬಫಲೊ ನಗರಕ್ಕೆ ತೆರಳಿದರು. ದುಡಿದ ಸ್ನಾಯುವಿನ ಲ್ಯಾಕ್ಟಿಕ್ ಆಮ್ಲ ಯಕೃತ್ತಿಗೆ ಸಾಗಿ, ಮತ್ತೆ ಗ್ಲೂಕೋಸ್ ಆಗಿ ಸ್ನಾಯುವಿಗೆ ಮರಳುವ ಚಕ್ರವನ್ನು ದಂಪತಿ 1929ರಲ್ಲಿ ನಿರೂಪಿಸಿದರು. ಅದೇ ಕೋರಿ ಚಕ್ರ.

1931ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ ಕಾರ್ಲ್ ಅವರನ್ನು ವಿಭಾಗದ ಮುಖ್ಯಸ್ಥರನ್ನಾಗಿ ಕರೆಸಿಕೊಂಡಿತು. ಸಮಾನ ಸಾಧಕಿ ಗರ್ಟಿಗೆ ದೊರೆತದ್ದು ಅತ್ಯಲ್ಪ ವೇತನದ ಸಂಶೋಧನಾ ಸಹಾಯಕಿಯ ಹುದ್ದೆ. ಪ್ರಾಧ್ಯಾಪಕ ಪದವಿ ಬಂದದ್ದು 1947ರಲ್ಲಿ, ನೊಬೆಲ್ ದೊರೆತ ವರ್ಷದಲ್ಲೇ. ವೈದ್ಯವಿಜ್ಞಾನದ ನೊಬೆಲ್ ಪಡೆದ ಪ್ರಥಮ ಮಹಿಳೆ ಅವರು.

ಸ್ನಾಯುವಿನಲ್ಲಿ ಸಂಗ್ರಹವಾದ ಗ್ಲೈಕೋಜನ್ ಅನ್ನು ಒಡೆಯುವ ಫಾಸ್ಫಾರಿಲೇಸ್ ಕಿಣ್ವವನ್ನು ಗರ್ಟಿ, ಆರ್ಡಾ ಗ್ರೀನ್ ಜೊತೆಗೂಡಿ ಹರಳುರೂಪದಲ್ಲಿ ಪಡೆದರು. 1943ರಲ್ಲಿ ಪ್ರಕಟವಾದ ಈ ಅಧ್ಯಯನದಿಂದ, ಆ ಕಿಣ್ವಕ್ಕೆ ಚುರುಕಾದ ಮತ್ತು ಮಂದವಾದ ಎರಡು ರೂಪಗಳಿವೆಯೆಂದು ತಿಳಿಯಿತು. ಚುರುಕಿನದನ್ನು ಮಂದಗೊಳಿಸುವ ಮತ್ತೊಂದು ಕಿಣ್ವಕ್ಕೆ ಪಿಆರ್ ಎಂದು ಹೆಸರಿಟ್ಟರು. ಅದು ಫಾಸ್ಫಾರಿಲೇಸ್‌ಗೆ ಅಂಟಿದ ಅಡಿನಿಲಿಕ್ ಆಮ್ಲವನ್ನು ತೆಗೆಯುತ್ತದೆಂದು ಭಾವಿಸಿದರು. ಊಹೆ ತಪ್ಪಾಗಿತ್ತು. ಅವರದೇ ಪ್ರಯೋಗಾಲಯದಲ್ಲಿ ಪಳಗಿದ್ದ ಎಡ್ವಿನ್ ಕ್ರೆಬ್ಸ್, ಎಡ್ಮಂಡ್ ಫಿಷರ್ ಜೊತೆಗೂಡಿ 1955ರ ಸುಮಾರಿಗೆ ಸಿಯಾಟಲ್‌ನಲ್ಲಿ ನಡೆಸಿದ ಶೋಧನೆ ಗುಟ್ಟನ್ನು ಬಿಡಿಸಿತು: ಚುರುಕು ನೀಡುವುದು ಫಾಸ್ಫೇಟ್. ಅದನ್ನು ಕಳಚುವ ಪಿಆರ್ ಕಿಣ್ವ ಪ್ರೊಟೀನ್ ಫಾಸ್ಫಟೇಸ್ ಎಂಬುದು ಮುಂದೆ ಸ್ಪಷ್ಟವಾಯಿತು.

ಇಂದು ಈ ಕಿಣ್ವಗಳ ಮಹತ್ವ ಸಕ್ಕರೆಯಾಚೆಗೂ ಹಬ್ಬಿದೆ. ಕೋಶವಿಭಜನೆ, ಹೃದಯದ ಸಂಕೋಚನಗಳಲ್ಲಿ ಅವುಗಳ ಪಾತ್ರವಿದೆ. ನೀಲಿ-ಹಸಿರು ಪಾಚಿಯ ಮೈಕ್ರೊಸಿಸ್ಟಿನ್ ವಿಷ ಇವನ್ನು ತಡೆದು ಯಕೃತ್ತನ್ನು ಹಾಳುಗೆಡಹುತ್ತದೆ. ಅಂಗಕಸಿಯಲ್ಲಿ ಬಳಸುವ ಸೈಕ್ಲೊಸ್ಪೊರಿನ್, ಕ್ಯಾಲ್ಸಿನ್ಯೂರಿನ್ ಎಂಬ ಫಾಸ್ಫಟೇಸನ್ನು ತಡೆದೇ ರೋಗನಿರೋಧಕ ದಾಳಿಯನ್ನು ತಗ್ಗಿಸುತ್ತದೆ.

ನೊಬೆಲ್ ಬಂದ ವರ್ಷವೇ ಗರ್ಟಿಗೆ ಅಸ್ಥಿಮಜ್ಜೆಯ ಮಾರಕ ರೋಗ ಪತ್ತೆಯಾಯಿತು. ರಕ್ತಪೂರಣದ ಆಸರೆಯಲ್ಲೇ ಅವರು ಹತ್ತು ವರ್ಷ ದುಡಿದರು. ಸಕ್ಕರೆಯಿಂದ ಫಾಸ್ಫೇಟ್ ಕಳಚುವ ಇನ್ನೊಂದು ಕಿಣ್ವದ ಕೊರತೆಯೇ ವಾನ್ ಗೀರ್ಕೆ ಎಂಬ ಆನುವಂಶಿಕ ರೋಗಕ್ಕೆ ಮೂಲವೆಂದು ದಂಪತಿ 1952ರಲ್ಲಿ ತೋರಿಸಿದ್ದು ಈ ಅವಧಿಯಲ್ಲೇ. 1957ರ ಅಕ್ಟೋಬರ್ 26ರಂದು ಗರ್ಟಿ ನಿಧನರಾದರು. 1992ರಲ್ಲಿ ಫಿಷರ್ ಮತ್ತು ಕ್ರೆಬ್ಸ್ ಅವರಿಗೆ ನೊಬೆಲ್ ಸಂದಿತು.