ಬಾಬರನ ಬಟ್ಟಲು

ಕುಡಿದು ಕೆಟ್ಟ ಅರಸರ ಹೆಸರುಗಳಿಗೆ ಚರಿತ್ರೆಯಲ್ಲಿ ಬರವಿಲ್ಲ. ಕುಡಿತವನ್ನು ಬಿಟ್ಟ ಅರಸರೂ ಉಂಟು. ಆದರೆ, ತಾನು ಮದ್ಯವನ್ನು ಬಿಟ್ಟರೂ ಅದರ ಆಸೆ ತನ್ನನ್ನು ಬಿಡಲಿಲ್ಲವೆಂದು ಬರೆದಿಟ್ಟ ಅರಸ, ನಾನು ಬಲ್ಲಮಟ್ಟಿಗೆ, ಮೊಗಲ್ ರಾಜ್ಯದ ಸ್ಥಾಪಕನಾದ ಬಾಬರನೊಬ್ಬನೇ. ಪಾಣಿಪತ್ತಿನ ಬಾಬರನನ್ನು ಶಾಲೆಯ ಮಕ್ಕಳೂ ಬಲ್ಲರು. ಬಟ್ಟಲಿನೊಡನೆ ಹೋರಾಡಿದ ಬಾಬರನನ್ನು ಕಾಣಬೇಕಾದರೆ ಆತ ಚಗತಾಯಿ ತುರ್ಕಿಯಲ್ಲಿ ಬರೆದ ಆತ್ಮಕಥೆಯನ್ನೇ ತೆರೆಯಬೇಕು.

1483ರಲ್ಲಿ ಮಧ್ಯ ಏಷ್ಯದ ಫರ್ಗಾನಾ ಸೀಮೆಯಲ್ಲಿ ಹುಟ್ಟಿದ ಆತನಿಗೆ ಹನ್ನೆರಡನೆಯ ವಯಸ್ಸಿನಲ್ಲಿಯೇ ಪಟ್ಟವಾಯಿತು. ಬಾಲ್ಯದಲ್ಲಿ ತಂದೆಯೇ ಮದ್ಯವನ್ನು ನೀಡಿದರೂ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದನು. 1506ರಲ್ಲಿ ಹೆರಾತಿಗೆ ಹೋದಾಗ ಅಲ್ಲಿಯ ಪಾನಗೋಷ್ಠಿಗಳ ವೈಭವವನ್ನು ಕಂಡು ಮನಸ್ಸು ಚಂಚಲವಾಯಿತು. ಆದರೂ ಅಂದು ಕುಡಿಯಲಿಲ್ಲ. ಅದಕ್ಕೆ ಅಡ್ಡಬಂದದ್ದು ವೈರಾಗ್ಯವಲ್ಲ, ಮರ್ಯಾದೆ. ಆತಿಥ್ಯ ನೀಡಿದ ಅಣ್ಣತಮ್ಮಂದಿರಿಬ್ಬರಲ್ಲಿ ಹಿರಿಯನ ಮನೆಯಲ್ಲಿ ಬೇಡವೆಂದದ್ದನ್ನು ಕಿರಿಯನ ಮನೆಯಲ್ಲಿ ಸ್ವೀಕರಿಸುವುದು ಹೇಗೆ? ಈ ಸಂಕೋಚದಿಂದಾಗಿ ಮೊದಲ ಬಟ್ಟಲು ಮುಂದಕ್ಕೆ ಹೋಯಿತು.

ಆತ್ಮಕಥೆಯಲ್ಲಿ ಮುಂದಿನ ಹಲವು ವರ್ಷಗಳ ಪುಟಗಳಿಲ್ಲ. 1519ರಲ್ಲಿ ಕಥೆ ಮತ್ತೆ ಮೊದಲಾಗುವಾಗ ನಾವು ಕಾಣುವುದು ಬೇರೆಯೇ ಬಾಬರನನ್ನು. ಒಂದು ದಿನ ದೋಣಿಯಲ್ಲಿ ಗೆಳೆಯರೊಡನೆ ಕುಡಿದು, ರಾತ್ರಿ ಕೈಯಲ್ಲಿ ಪಂಜು ಹಿಡಿದು, ಲಗಾಮು ಸಡಿಲಿಸಿ, ನದೀತೀರದಿಂದ ಪಾಳೆಯದವರೆಗೆ ಕುದುರೆಯನ್ನು ಓಡಿಸಿದನು. ಮರುದಿನ ಇತರರು ಹೇಳಿದಾಗ ಅವನಿಗೆ ಅದರ ನೆನಪೇ ಇರಲಿಲ್ಲ. ಇದನ್ನು ಬರೆದವನು ಆಸ್ಥಾನದ ಶತ್ರುವಲ್ಲ, ಅರಸನೇ. ನಲವತ್ತನೆಯ ವಯಸ್ಸಿನಲ್ಲಿ ಬಿಡಬೇಕೆಂಬ ಸಂಕಲ್ಪವಿತ್ತು. ಗಡುವು ಸಮೀಪಿಸುತ್ತಿದೆಯೆಂಬ ಕಾರಣದಿಂದಲೇ ಇನ್ನಷ್ಟು ಕುಡಿಯುತ್ತಿದ್ದುದಾಗಿಯೂ ಅವನೇ ಹೇಳಿಕೊಂಡಿದ್ದಾನೆ. ನಲವತ್ತು ಬಂದಿತು, ಹೋಯಿತು. ಬಟ್ಟಲು ಕೈಯಲ್ಲಿಯೇ ಉಳಿಯಿತು.

1527ರ ಆರಂಭದಲ್ಲಿ ಮೇವಾಡದ ರಾಣಾ ಸಂಗನ ದೊಡ್ಡ ಸೈನ್ಯ ಎದುರಾಯಿತು. ಬಾಬರನ ಪಡೆ ಅಧೀರವಾಗಿತ್ತು; ಜೋಯಿಸನೊಬ್ಬ ಕುಜನ ಸ್ಥಾನವನ್ನು ತೋರಿಸಿ ಸೋಲನ್ನು ನುಡಿದು ಆ ಭಯವನ್ನು ಹೆಚ್ಚಿಸಿದ್ದನು. ಆಗ, ಫೆಬ್ರವರಿ 25ರಂದು, ಬಾಬರ್ ಮದ್ಯತ್ಯಾಗದ ಪ್ರತಿಜ್ಞೆ ಮಾಡಿದನು. ಚಿನ್ನಬೆಳ್ಳಿಯ ಹೂಜಿ ಬಟ್ಟಲುಗಳನ್ನು ಒಡೆಯಿಸಿ, ಆ ಚೂರುಗಳನ್ನು ಫಕೀರರಿಗೂ ಬಡವರಿಗೂ ಹಂಚಿಸಿದನು. ಇದ್ದ ಮದ್ಯವನ್ನು ನೆಲಕ್ಕೆ ಸುರಿಸಿದನು. ಆಗತಾನೆ ಒಂಟೆಗಳ ಮೇಲೆ ಬಂದಿದ್ದ ಘಜನಿಯ ಮದ್ಯಕ್ಕೆ ಉಪ್ಪು ಹಾಕಿಸಿ ಹುಳಿಯಾಗಿಸಿದನು. ಮದ್ಯ ಸುರಿದ ಜಾಗದಲ್ಲಿ ಬಾವಿ ತೋಡಲು ಅಪ್ಪಣೆಯಾಯಿತು. ಸುಮಾರು 300 ಮಂದಿ ಒಡೆಯನೊಡನೆ ತಾವೂ ಕುಡಿತವನ್ನು ಬಿಟ್ಟರು. ಮುಂದಿನ ತಿಂಗಳು ಖಾನ್ವಾದಲ್ಲಿ ಜಯ ಬಾಬರನದಾಯಿತು.

ಇದು ಸೈನ್ಯವನ್ನು ಹುರಿದುಂಬಿಸುವ ತಂತ್ರವೋ, ನಿಜವಾದ ಪಶ್ಚಾತ್ತಾಪವೋ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಎರಡೂ ಹೌದೆಂದೇ ನನ್ನ ಉತ್ತರ. ಕೇವಲ ತಂತ್ರವಾಗಿದ್ದರೆ ಗೆದ್ದ ಮೇಲೆ ಹೊಸ ಬಟ್ಟಲುಗಳನ್ನು ಮಾಡಿಸಲು ಅಕ್ಕಸಾಲಿಗರಿಗೆ ಬರವಿತ್ತೇ? ಆತ ಮಾಡಿಸಲಿಲ್ಲ. ಪ್ರತಿಜ್ಞೆ ನಿಂತಿತು, ಆದರೆ ಸುಖವಾಗಿ ನಿಲ್ಲಲಿಲ್ಲ. 1529ರಲ್ಲಿ, ಹಿಂದೂಸ್ಥಾನದ ಸೆಕೆಯನ್ನು ತಾಳಲಾರದೆ ಕಾಬೂಲಿಗೆ ಹೊರಟುಹೋಗಿದ್ದ ಹಳೆಯ ಗೆಳೆಯ ಖ್ವಾಜಾ ಕಲಾನನಿಗೆ ಬರೆದ ಪತ್ರದಲ್ಲಿ ಬಾಬರ್ ಮನಸ್ಸನ್ನು ತೆರೆದನು. ಪಾನಗೋಷ್ಠಿಯ ಹಂಬಲದಿಂದ ಎಷ್ಟೋ ಸಲ ಕಣ್ಣೀರು ಬರುವಷ್ಟಾಗುತ್ತಿತ್ತೆಂದು ಒಪ್ಪಿಕೊಂಡನು. ತವರಿನ ಕಡೆಯ ಕರಬೂಜದ ಹಣ್ಣೊಂದನ್ನು ಹೆಚ್ಚಿ ತಿನ್ನುತ್ತ ಅತ್ತುದನ್ನೂ ಅದೇ ಪತ್ರದಲ್ಲಿ ಬರೆದನು. ಅವನು ಕಳೆದುಕೊಂಡದ್ದು ಬರಿಯ ಮದ್ಯವನ್ನಲ್ಲ. ಕಾಬೂಲಿನ ತೋಟಗಳನ್ನು, ತಂಪು ಗಾಳಿಯನ್ನು, ಸುತ್ತ ಕುಳಿತಿದ್ದ ಗೆಳೆಯರನ್ನು. ಮರುವರ್ಷವೇ, 1530ರ ಡಿಸೆಂಬರಿನಲ್ಲಿ, ಆಗ್ರಾದಲ್ಲಿ ತೀರಿಕೊಂಡನು. ಬಳಿಕ ಅವನ ದೇಹವನ್ನು ಆ ಪ್ರಿಯವಾದ ಕಾಬೂಲಿಗೇ ಒಯ್ದರು.

ಒಬ್ಬನ ಪ್ರತಿಜ್ಞೆ ವಂಶವನ್ನು ಕಾಯಲಾರದು. ಮರಿಮಕ್ಕಳಾದ ಮುರಾದ್ ಮತ್ತು ದಾನಿಯಾಲ್ ಕುಡಿತದಿಂದಲೇ ಅಕಾಲಮರಣಕ್ಕೆ ತುತ್ತಾದರು. ಹೀಗಿರುವಾಗ ಬಾಬರನ ವಿಜಯಗಳಲ್ಲಿ ಯಾವುದು ಹಿರಿದು? ಸಾವಿರಾರು ಕಣ್ಣುಗಳೆದುರು ಬಟ್ಟಲನ್ನು ಒಡೆಯಿಸಿದ್ದು ವೀರನ ಕೆಲಸವೇ ಸರಿ. ಆದರೆ ಯಾರೂ ಕಾಣದಲ್ಲಿ ಎರಡು ವರ್ಷ ಹಂಬಲಿಸಿಯೂ ಮತ್ತೊಂದನ್ನು ಹಿಡಿಯದೆ, ಹಂಬಲಿಸಿದೆನೆಂಬುದನ್ನೂ ಮರೆಮಾಚದೆ ಬರೆದಿಟ್ಟದ್ದೇ ನನಗೆ ಖಾನ್ವಾಕ್ಕಿಂತ ಹಿರಿದಾಗಿ ತೋರುತ್ತದೆ.