ತಡವಾಗಿ ಬಂದ ಧೈರ್ಯ



ಹೇಮಗಿರಿ ಅಣೆಕಟ್ಟೆಯ ನಾಲೆ ನೀರನ್ನು ನಂಬಿ ಬದುಕುವ ನಮ್ಮ ಸೀಮೆಗೆ ಕಡಲ ಯುದ್ಧ ದೂರದ ಮಾತು. ಆದರೂ ಕಡಲಡಿಯಲ್ಲಿ ಹೋರಾಡಿದ ಜರ್ಮನ್ ಕಮಾಂಡರ್ ಒಬ್ಬರ ಬಾಳು ನಮ್ಮ ಕುಟುಂಬಗಳಿಗೂ ಪಾಠವಾಗಬಲ್ಲದು. ಅವರೇ ಮಾರ್ಟಿನ್ ನೀಮೊಲ್ಲರ್.

1892ರ ಜನವರಿ 14ರಂದು ಲಿಪ್‌ಸ್ಟಾಟ್ ಎಂಬ ಊರಿನಲ್ಲಿ ಪ್ರೊಟೆಸ್ಟೆಂಟ್ ಸಭಾಪಾಲಕರೊಬ್ಬರ ಮಗನಾಗಿ ಹುಟ್ಟಿದ ಅವರು 1910ರಲ್ಲಿ ನೌಕಾಪಡೆ ಸೇರಿದರು. ಮೊದಲನೆಯ ಮಹಾಯುದ್ಧದಲ್ಲಿ ಜಲಾಂತರ್ಗಾಮಿಗಳಲ್ಲಿ ದುಡಿದು, 1918ರಲ್ಲಿ ಯುಸಿ-67ರ ಕಮಾಂಡರ್ ಆದರು. ಐರನ್ ಕ್ರಾಸ್ ಪದಕ ಪಡೆದರು. ಜರ್ಮನಿ ಸೋತಾಗ, ಜಲಾಂತರ್ಗಾಮಿಗಳನ್ನು ಇಂಗ್ಲೆಂಡಿಗೆ ಒಪ್ಪಿಸಿ ಬರಲು ನಿರಾಕರಿಸಿ ನೌಕರಿ ಬಿಟ್ಟರು. 1919ರಲ್ಲಿ ಮದುವೆಯಾಗಿ ಬೇಸಾಯ ಕಲಿತರು. ಜಮೀನು ಕೊಳ್ಳಲು ಹಣ ಸಾಲಲಿಲ್ಲ. ಕೊನೆಗೆ ತಂದೆಯ ಹಾದಿ ಹಿಡಿದು, ದೈವಶಾಸ್ತ್ರ ಓದಿ, 1924ರಲ್ಲಿ ಸಭಾಪಾಲಕರಾದರು.

ಸಾವಿಗೆ ಅಂಜದ ಈ ಸೈನಿಕರು ಹಿಟ್ಲರನ ನಿಜರೂಪವನ್ನು ಮೊದಲು ಗುರುತಿಸಲಿಲ್ಲ. ಅವನ ಪಕ್ಷಕ್ಕೇ ಮತ ಹಾಕಿದರು. ಸರ್ಕಾರವು ಧರ್ಮಸಭೆಯೊಳಗೆ ಕೈಯಾಡಿಸಿ, ಯೆಹೂದಿ ಮೂಲದ ಕ್ರೈಸ್ತರನ್ನು ಸೇವೆಯಿಂದ ಹೊರಗಿಡಲು ಹೊರಟಾಗ, 1933ರಲ್ಲಿ ಸಭಾಪಾಲಕರ ಒಕ್ಕೂಟ ಕಟ್ಟಿ ಎದುರು ನಿಂತರು. 1937ರ ಜುಲೈ 1ರಂದು ಅವರ ಬಂಧನವಾಯಿತು. ಶಿಕ್ಷೆಯ ಅವಧಿ ವಿಚಾರಣೆಗೆ ಮೊದಲೇ ಕಳೆದಿದ್ದರಿಂದ 1938ರಲ್ಲಿ ನ್ಯಾಯಾಲಯ ಬಿಟ್ಟಿತು, ಹಿಟ್ಲರ್ ಬಿಡಲಿಲ್ಲ. ಸಾಕ್ಸೆನ್‌ಹೌಸೆನ್ ಸೆರೆಶಿಬಿರಕ್ಕೆ ಹಾಕಿಸಿದ. ಅಲ್ಲಿಂದಲೇ 1939ರಲ್ಲಿ, ಮತ್ತೆ ನೌಕಾಪಡೆಯಲ್ಲಿ ದುಡಿಯಲು ಸಿದ್ಧನೆಂದು ನೀಮೊಲ್ಲರ್ ಪತ್ರ ಬರೆದದ್ದೂ ಉಂಟು. ಹಳೆಯ ನಿಷ್ಠೆ ಬೇಗ ಸಾಯದು. 1941ರಿಂದ ಡಾಖೌ ಶಿಬಿರದಲ್ಲಿ ಮೂವರು ಕಥೋಲಿಕ ಯಾಜಕರೊಡನೆ ಸೆರೆಯಲ್ಲಿದ್ದರು.

1945ರಲ್ಲಿ ಬಿಡುಗಡೆಯಾಯಿತು. ಎಂಟು ವರ್ಷ ಸೆರೆ ಅನುಭವಿಸಿದವರು ತಾನು ನಿರಪರಾಧಿಯೆಂದು ಹೇಳಿಕೊಳ್ಳಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಅದೇ ಅಕ್ಟೋಬರಿನಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ, ತಮ್ಮ ಸಭೆಯ ತಪ್ಪೊಪ್ಪಿಗೆಯ ಘೋಷಣೆಗೆ ಸಹಿ ಹಾಕಿದರು. ಸಭೆಯ ಹಕ್ಕಿಗಾಗಿ ಬಾಯಿ ತೆರೆದವರು ಇತರರನ್ನು ಎಳೆದೊಯ್ದಾಗ ಸುಮ್ಮನಿದ್ದದ್ದೂ ಪಾಪವೇ ಎಂದು ಊರೂರು ತಿರುಗಿ ಸಾರಿದರು. ತಮ್ಮನ್ನೂ ಆ ಸಾಲಿನಿಂದ ಹೊರಗಿಡಲಿಲ್ಲ. ಮುಂದೆ ಅಣ್ವಸ್ತ್ರಗಳ ವಿರುದ್ಧ ದನಿಯೆತ್ತಿದರು. 1961ರಲ್ಲಿ ನಮ್ಮ ದೆಹಲಿಯಲ್ಲಿ ಸೇರಿದ ಜಾಗತಿಕ ಸಭೆಗಳ ಒಕ್ಕೂಟದ ಅಧಿವೇಶನವು ಅವರನ್ನು ತನ್ನ ಅಧ್ಯಕ್ಷರಲ್ಲೊಬ್ಬರನ್ನಾಗಿ ಆರಿಸಿತು. 1984ರ ಮಾರ್ಚ್ 6ರಂದು ನಿಧನರಾದರು.

ಶತ್ರುವಿನ ಎದುರು ತೋರಿದ ಧೈರ್ಯಕ್ಕೆ ಅವರಿಗೆ ಪದಕ ಬೇಗನೆ ಸಿಕ್ಕಿತು. ತನ್ನ ತಪ್ಪನ್ನು ತಾನೇ ಒಪ್ಪಿಕೊಳ್ಳುವ ಧೈರ್ಯ ಬರಲು ಐವತ್ತು ದಾಟಬೇಕಾಯಿತು. ಪಕ್ಕದ ಮನೆಯವರಿಗೆ ಅನ್ಯಾಯವಾದಾಗ ನಾವು ಬಾಗಿಲು ಮುಚ್ಚಿಕೊಂಡದ್ದುಂಟೇ? ಇಂದಿನ ಕುಟುಂಬ ಪ್ರಾರ್ಥನೆಗೆ ಮುನ್ನ ಕ್ಷಣಕಾಲ ಆತ್ಮಶೋಧನೆ ಮಾಡಿಕೊಳ್ಳೋಣ.