ಕಟ್ಟಪುಣಿಯಿಂದ ಇಳಿಯದ ಟೀಚರ್



ಬೀಡಿ ಬ್ರಾಂಚಿನಲ್ಲೋ ಜವಳಿ ಅಂಗಡಿಯಲ್ಲೋ ಕೂಲಿಯ ಲೆಕ್ಕ ತಪ್ಪಿದರೂ ನಮ್ಮ ಅಕ್ಕಂದಿರು ಬಾಯಿ ಬಿಡ್ಲಿಕ್ಕೆ ಹಿಂಜರಿಯುವುದನ್ನು ನೀವೂ ನೋಡಿದ್ದೀರಿ. ಇದ್ದ ಕೆಲಸವೂ ಹೋದರೆ ಅನ್ನೋ ಹೆದರಿಕೆ. ಅದು ಸುಳ್ಳು ಹೆದರಿಕೆ ಅಂತ ನಾನು ಹೇಳುವುದಿಲ್ಲ. ಅದಕ್ಕೇ ಈ ಸಂಚಿಕೆಯಲ್ಲಿ ದಾಕ್ಷಾಯಣಿ ವೇಲಾಯುಧನ್ ಅವರ ಬಗ್ಗೆ ಬರೀಬೇಕು ಅನಿಸ್ತು. ಸಂವಿಧಾನ ಸಭೆಯ 15 ಹೆಂಗಸರಲ್ಲಿ ದಲಿತರು ಇವರೊಬ್ಬರೇ ಅಂತ ಪಿಎಸ್‌ಸಿಗೆ ಓದುವವರಿಗೆಲ್ಲ ಗೊತ್ತುಂಟು. ಅದಕ್ಕೂ ಮೊದಲು ಹತ್ತು ವರ್ಷ ಅವರು ಶಾಲೆಯಲ್ಲಿ ಟೀಚರ್ ಆಗಿದ್ದರು. ಆ ಕಥೆಯನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ.

ಎರ್ನಾಕುಳಂ ಪೇಟೆಯ ಎದುರು, ಹಿನ್ನೀರಿನ ಆಚೆಗೆ ಮುಳವುಕಾಡ್ ಅನ್ನೋ ದ್ವೀಪ ಉಂಟು. 1912ರಲ್ಲಿ ಅಲ್ಲಿನ ಪುಲಯರ ಮನೆಯಲ್ಲಿ ಅವರು ಹುಟ್ಟಿದರು. ಮರುವರ್ಷವೇ ಪುಲಯರು ಒಂದು ಸಭೆ ಸೇರಬೇಕು ಅಂತ ಹೊರಟರು. ನೆಲದ ಮೇಲೆ ಅವರಿಗೆ ಜಾಗ ಕೊಡುವವರಿಲ್ಲ. ದೋಣಿಗೆ ದೋಣಿ ಕಟ್ಟಿ ನೀರಿನ ಮೇಲೆಯೇ ಸಭೆ ಮಾಡಿದರು! ದಾಕ್ಷಾಯಣಿಯವರ ಮನೆಯ ಹಿರಿಯರೂ ಆ ಹೋರಾಟದಲ್ಲಿ ಇದ್ದವರೇ. ಅಂಥ ಮನೆಯ ಮಗಳು ಮೈತುಂಬ ಬಟ್ಟೆ ತೊಟ್ಟು ಶಾಲೆಗೆ ಹೋದಳು. ಆ ಕಾಲಕ್ಕೆ ಅದೇ ದೊಡ್ಡ ಸುದ್ದಿ.

ಮುಂದೆ ಮಹಾರಾಜಾಸ್ ಕಾಲೇಜಿನಲ್ಲಿ ಕೆಮಿಸ್ಟ್ರಿ. ಪ್ರಯೋಗ ಮಾಡುವಾಗ ಮಾಷ್ಟ್ರು ಇವರನ್ನು ಹತ್ತಿರ ಸೇರಿಸಲಿಲ್ಲ. ದೂರದಲ್ಲೇ ನಿಂತು ನೋಡಿ ಕಲಿತರು, 1935ರಲ್ಲಿ ಪಾಸೂ ಆದರು. ಅದೇ ವರ್ಷ ಕೆಲಸ ಸಿಕ್ಕಿತು, ತ್ರಿಶೂರ್ ಕಡೆಯ ಪೆರಿಂಗೋಟ್ಟುಕರ ಶಾಲೆಯಲ್ಲಿ.

ಸಂಬಳ ಕೊಡುವುದು ಸರಕಾರ, ಆದರೆ ಬಾವಿ ಊರವರದ್ದು. ಮಕ್ಕಳಿಗೆ ಪಾಠ ಹೇಳುವ ಟೀಚರ್ ಬಾವಿಯಿಂದ ನೀರು ಸೇದಬಾರದು ಅಂತ ಜನ ತಕರಾರು ತೆಗೆದರು. ಇನ್ನೊಂದು ದಿನ ಗದ್ದೆಯ ಕಟ್ಟಪುಣಿಯಲ್ಲಿ ನಡೆದು ಹೋಗ್ತಾ ಇದ್ದಾಗ ಎದುರಿನಿಂದ ಮೇಲ್ಜಾತಿಯ ಹೆಂಗಸು ಬಂದಳು. ಕಟ್ಟಪುಣಿ ಎಷ್ಟು ಅಗಲ ಇರ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಕೆಸರಿಗೆ ಇಳಿದು ದಾರಿ ಬಿಡು ಅಂತ ಅವಳ ಹುಕುಂ. ಟೀಚರ್ ಇಳಿಯಲಿಲ್ಲ. ಹೋಗುವ ಅವಸರ ಇದ್ದವರು ಇಳಿಯಬಹುದು ಅಂತ ನಿಂತೇಬಿಟ್ಟರು. ಕೊನೆಗೆ ಗದ್ದೆಗೆ ಇಳಿದದ್ದು ಆ ಹೆಂಗಸೇ. ಬೈಗುಳ ಇಲ್ಲ, ಜಗಳ ಇಲ್ಲ. ನನಗಂತೂ ಅವರ ಬದುಕಿನಲ್ಲಿ ಎಲ್ಲಕ್ಕಿಂತ ಇದೇ ಇಷ್ಟ.

1940ರಲ್ಲಿ ಸೇವಾಗ್ರಾಮದಲ್ಲಿ, ಗಾಂಧೀಜಿಯ ಎದುರು, ಆರ್. ವೇಲಾಯುಧನ್ ಅವರೊಂದಿಗೆ ಮದುವೆ. 1945ರಲ್ಲಿ ಕೊಚ್ಚಿ ಶಾಸನ ಸಭೆಗೆ ಸದಸ್ಯೆ. 1946ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಸಂವಿಧಾನ ಸಭೆಗೆ ಆರಿಸಿ ಹೋದರು. ಆಗ ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತಲ್ಲ, ಜಿಲ್ಲೆ ಮದ್ರಾಸಿಗೆ. ಹಾಗೆ ನೋಡಿದರೆ ಅವರು ನಮ್ಮ ಪ್ರಾಂತ್ಯದಿಂದಲೇ ಹೋದವರು.

ಅಲ್ಲಿ ಅವರು ಸುಮ್ಮನೆ ಕೂರಲಿಲ್ಲ. ಬಿಟ್ಟಿ ಚಾಕರಿಯ ನಿಷೇಧ ಚರ್ಚೆಗೆ ಬಂದಾಗ ಅದರ ಪರ ಗಟ್ಟಿಯಾಗಿ ಮಾತಾಡಿದರು. ಬೆವರು ಸುರಿಸಿದವರಿಗೆ ಸರಿಯಾದ ಕೂಲಿ ಸಿಗದ ಸಂಗತಿ ಅವರಿಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಪ್ರತ್ಯೇಕ ಮತಕ್ಷೇತ್ರ ಬೇಡ ಅಂದರು. ಅಂಬೇಡ್ಕರ್ ಅಧ್ಯಕ್ಷತೆಯ ಸಮಿತಿ ತಂದ ಕರಡಿನಲ್ಲಿ ಕೇಂದ್ರಕ್ಕೆ ಅಧಿಕಾರ ಜಾಸ್ತಿಯಾಯಿತು ಅಂತಲೂ ಹೇಳಿದರು. ಬಾಬಾಸಾಹೇಬರನ್ನು ಪ್ರೀತಿಸುವ ನಮಗೆ ಇದನ್ನು ಓದುವಾಗ ಸ್ವಲ್ಪ ಇರಿಸುಮುರಿಸು ಆಗ್ತದೆ, ನಿಜ. ಮತಕ್ಷೇತ್ರದ ವಿಷಯದಲ್ಲಿ ನಾನೂ ಅವರ ಮಾತು ಒಪ್ಪುವುದಿಲ್ಲ. ಆದರೆ ನಮ್ಮವರ ಎದುರೇ ನಿಂತು ತನಗೆ ಕಂಡದ್ದನ್ನು ಹೇಳ್ಲಿಕ್ಕೆ ಕಟ್ಟಪುಣಿಯಲ್ಲಿ ನಿಂತದ್ದಕ್ಕಿಂತಲೂ ಹೆಚ್ಚು ಗುಂಡಿಗೆ ಬೇಕು.

1948ರ ನವೆಂಬರ್ 29ರಂದು ಅಸ್ಪೃಶ್ಯತೆ ರದ್ದು ಮಾಡುವ ವಿಧಿಯ ಮೇಲೆ ಮಾತಾಡುವಾಗ ಸಮಯ ಮೀರಿತು. ಹೆಂಗಸು ಅನ್ನೋ ಕಾರಣಕ್ಕೆ ಬಿಡ್ತಾ ಇದ್ದೇನೆ ಅಂತ ಪೀಠದಿಂದ ಮಾತು ಬಂತು. ಗಂಡಸು ಅನ್ನೋ ಕಾರಣಕ್ಕೆ ಬಿಡ್ತೇನೆ ಅಂತ ಎಲ್ಲಿಯಾದರೂ ಕೇಳಿದ್ದೀರಾ? ಅವರೇನೋ ತಮ್ಮ ಮಾತು ಮುಂದುವರಿಸಿದರು. ಕಾನೂನು ಬರೆದರೆ ಸಾಲದು, ಜನ ನಡೆದುಕೊಳ್ಳುವ ರೀತಿ ಬದಲಾಗಬೇಕು ಅನ್ನುವುದು ಅವರ ವಾದ.

1971ರಲ್ಲಿ ಅಡೂರಿನಿಂದ ಲೋಕಸಭೆಗೆ ನಿಂತು ಸೋತರು. ಸೋತು ಮನೆಯಲ್ಲಿ ಕೂತವರಲ್ಲ. 1977ರಲ್ಲಿ ದೆಹಲಿಯಲ್ಲಿ ದಲಿತ ಹೆಂಗಸರನ್ನು ಸೇರಿಸಿ ಮಹಿಳಾ ಜಾಗೃತಿ ಪರಿಷತ್ ಕಟ್ಟಿದರು. ಆಗ ಅವರಿಗೆ 65 ವರ್ಷ. ಮರುವರ್ಷ ಜುಲೈ 20ರಂದು ತೀರಿಕೊಂಡರು. ಬರೀತಾ ಇದ್ದ ಆತ್ಮಕಥೆ ಅರ್ಧಕ್ಕೇ ಉಳಿಯಿತು.